ಆಂಟೆನಾ ಶಕ್ತಿಯನ್ನು ಹುಟ್ಟಿಸುವುದಿಲ್ಲ: ಒಂದು ಸ್ಪಷ್ಟನೆ

‘ವೈಫೈ ರೂಟರಿಗೆ 9 ಡಿಬಿಐ ಆಂಟೆನಾ ಹಾಕಿದರೆ ಸಿಗ್ನಲ್ ಎಲ್ಲ ಕಡೆಗೂ ಹೆಚ್ಚುತ್ತದೆ’ ಎಂಬ ಸಂದೇಶ ಹರಿದಾಡುತ್ತಿದೆ. ಇದು ತಪ್ಪು. (ಎಲ್ಲ ದಿಕ್ಕಿಗೂ ಸಮನಾಗಿ ಹಂಚುವ ಕಾಲ್ಪನಿಕ ಆಂಟೆನಾಗೆ ಹೋಲಿಸಿದರೆ, ತನ್ನ ಮುಖ್ಯ ದಿಕ್ಕಿಗೆ ಆಂಟೆನಾ ಎಷ್ಟು ಹೆಚ್ಚು ಶಕ್ತಿ ಕಳಿಸುತ್ತದೆ ಎಂಬುದರ ಅಳತೆಯೇ ಡಿಬಿಐ.)

ಆಂಟೆನಾ ಆಂಪ್ಲಿಫೈಯರ್ ಅಲ್ಲ. ರೂಟರ್ ಕೊಟ್ಟಷ್ಟೇ ಶಕ್ತಿಯನ್ನು ಅದು ಹಂಚುತ್ತದೆ. ರೂಟರಿನ ಕಡ್ಡಿಯಂಥ ಆಂಟೆನಾವನ್ನು ‘ಓಮ್ನಿ’ (ಎಲ್ಲ ದಿಕ್ಕಿನದು) ಎಂದು ಕರೆದರೂ ಅದು ಸುತ್ತಲೂ ಸಮನಾಗಿ ಹಂಚುವುದು ಅಡ್ಡದಿಕ್ಕಿನಲ್ಲಿ ಮಾತ್ರ. ಮೇಲೆ, ಕೆಳಗೆ ಹೋಗಬೇಕಾದುದನ್ನು ಕಸಿದು ಅಡ್ಡಕ್ಕೆ ಹರಿಸುವುದೇ ‘ಗೇನ್’. ರೊಟ್ಟಿಯ ಮುದ್ದೆಯನ್ನು ತಟ್ಟಿದಂತೆ: ಅಗಲವಾಗುತ್ತದೆ, ಹಿಟ್ಟು ಹೆಚ್ಚುವುದಿಲ್ಲ.

ಹೆಚ್ಚು ಗೇನ್‌ಗಾಗಿ ಆಂಟೆನಾದ ಕೊಳವೆಯೊಳಗೆ ಅರ್ಧ ತರಂಗಾಂತರ ಉದ್ದದ ಲೋಹದ ತುಂಡುಗಳನ್ನು ಒಂದರ ಮೇಲೊಂದು ಜೋಡಿಸಿ, ಎಲ್ಲಕ್ಕೂ ಒಂದೇ ಫೇಸ್‌ನಲ್ಲಿ (ಅಲೆಯ ಏರಿಳಿತ ಒಟ್ಟಿಗೇ ಆಗುವಂತೆ) ಸಿಗ್ನಲ್ ಉಣಿಸುತ್ತಾರೆ. ಅಡ್ಡಕ್ಕೆ ಹೊರಟ ಅಲೆಗಳು ಕೂಡಿಕೊಳ್ಳುತ್ತವೆ. ಓರೆಯಾಗಿ ಮೇಲೇರಿದವು ದೂರದ ವ್ಯತ್ಯಾಸದಿಂದ ಬಹುಮಟ್ಟಿಗೆ ಒಂದನ್ನೊಂದು ಅಳಿಸಿಹಾಕುತ್ತವೆ. ಇಂಥ ಒಂದೇ ತುಂಡಿನ ಸರಳ ಆಂಟೆನಾಗೆ, ಅಂದರೆ ಒಂಟಿ ಅರ್ಧತರಂಗ ಡೈಪೋಲ್‌ಗೆ, 2.15 ಡಿಬಿಐ. ಅಲ್ಲಿಂದ ಮುಂದೆ ಪ್ರತಿ 3 ಡೆಸಿಬಲ್‌ಗೆ ಉದ್ದ ಸುಮಾರು ಇಮ್ಮಡಿಯಾಗಬೇಕು. ವೈಫೈ ಬಳಸುವ 2.4 ಗಿಗಾಹರ್ಟ್ಸ್‌ನಲ್ಲಿ ತರಂಗಾಂತರ ಸುಮಾರು 12.5 ಸೆಂಟಿಮೀಟರ್, ಅದರ ಅರ್ಧ ಸುಮಾರು 6. ಅದನ್ನು ಎರಡು ಸಲ ಇಮ್ಮಡಿಸಿ ಸುಮಾರು 25 ಸೆಂಟಿಮೀಟರ್ ಮಾಡಿದರೂ ಸಿಗುವುದು ಸುಮಾರು 8 ಡಿಬಿಐ ಅಷ್ಟೇ. ಹಾಗಾಗಿ ಗೇಣುದ್ದದ ಓಮ್ನಿ ಕಡ್ಡಿಯ ಮೇಲೆ 9 ಡಿಬಿಐ ಎಂದು ಅಚ್ಚಾಗಿದ್ದರೆ ಅದು ಶುದ್ಧ ಬೂಟಾಟಿಕೆ.

ನಿಜವಾದ 9 ಡಿಬಿಐ ಆಂಟೆನಾ ಅದೇ ಮಟ್ಟದಲ್ಲಿರುವ ದೂರದ ಕೋಣೆಗೆ ಒಳ್ಳೆಯದೇ, ಸಿಗ್ನಲ್ ಹಿಡಿಯುವಾಗಲೂ. ಆದರೆ ನೇರ ಮೇಲಿನ ಮಹಡಿಯಲ್ಲಿ ಸಿಗ್ನಲ್ ಮೊದಲಿಗಿಂತ ಕುಗ್ಗಬಹುದು. ಅಲ್ಲಿಗೆ ಚಿಕ್ಕ ಆಂಟೆನಾವೇ ವಾಸಿ.