ಏಳೂವರೆಗೆ ಊಟ, ಒಂಬತ್ತಕ್ಕೆ ಲಾಗೌಟ್

ಮನೆಮಂದಿಯೆಲ್ಲ ಒಟ್ಟಿಗೆ ಕೂತು ಊಟ ಮಾಡಬೇಕಂತೆ. ರಾತ್ರಿ ಏಳೂವರೆಗೇ ಮಾಡಬೇಕಂತೆ. ಊಟದ ಹೊತ್ತಿಗೆ ಮೊಬೈಲ್ ಮುಟ್ಟಬಾರದಂತೆ. ಈ ಉಪದೇಶ ಬರುವುದು ಮೊಬೈಲ್‌ನಲ್ಲೇ. ಫ್ಯಾಮಿಲಿ ಗ್ರೂಪಿನಲ್ಲಿ, ಗುಡ್ ಮಾರ್ನಿಂಗ್ ಗುಲಾಬಿಯ ಕೆಳಗೆ.

ಒಳ್ಳೇದೇ, ಬೇಡ ಅಂದವರು ಯಾರು? ಆದರೆ 2024ರಲ್ಲಿ ಕರ್ನಾಟಕ ಸರ್ಕಾರದ ಮುಂದೆ ಐಟಿಯವರಿಗೆ ದಿನಕ್ಕೆ 14 ಗಂಟೆ ಕೆಲಸ ಅನ್ನೋ ಪ್ರಸ್ತಾಪ ಬಂತು. ನೌಕರರ ಸಂಘ ಗಲಾಟೆ ಮಾಡಿತು, ಮಾತು ತಣ್ಣಗಾಯ್ತು. 2025ರಲ್ಲಿ ಅದೇ ಪ್ರಸ್ತಾಪ ಸ್ವಲ್ಪ ಡಯಟ್ ಮಾಡಿಕೊಂಡು ವಾಪಸ್ ಬಂತು. 9 ಗಂಟೆಯನ್ನು 10 ಮಾಡೋಣ, ಓವರ್‌ಟೈಮ್ ಸೇರಿ 12. ಅಂದರೆ ಬೆಳಿಗ್ಗೆ ಒಂಬತ್ತಕ್ಕೆ ಆಫೀಸಲ್ಲಿ ಕೂತವನು ರಾತ್ರಿ ಒಂಬತ್ತಕ್ಕೆ ಎದ್ದು, ಬೆಂಗಳೂರಿನ ಸಿಲ್ಕ್ ಬೋರ್ಡ್ ಟ್ರಾಫಿಕ್ ದಾಟಿ, ಏಳೂವರೆಗೆ ಮನೆಯಲ್ಲಿ ಊಟಕ್ಕೆ ಹಾಜರಾಗಬೇಕು. ಜಗತ್ತಿನ ಸಾಫ್ಟ್‌ವೇರ್ ಎಲ್ಲ ಬರೆಯೋ ಊರು, ಇಷ್ಟೂ ಆಗಲ್ವಾ?

ನಾರಾಯಣ ಮೂರ್ತಿಯವರು ವಾರಕ್ಕೆ 70 ಗಂಟೆ ಅಂದರು. ಎಲ್ ಅಂಡ್ ಟಿ ಮುಖ್ಯಸ್ಥರು 90ಕ್ಕೆ ಏರಿಸಿ, ಮನೆಯಲ್ಲಿ ಕೂತು ಎಷ್ಟು ಹೊತ್ತು ಹೆಂಡತಿ ಮುಖ ನೋಡ್ತೀರಿ ಎಂದು ಕೇಳಿದರು. ಪಾಪ, ಅವರಿಗೆ ನಮ್ಮ ಮನೆಗಳ ಪರಿಚಯವಿಲ್ಲ. ಊಟಕ್ಕೆ ಕೂತವರು ನೋಡೋದು ಸೀರಿಯಲ್ಲು. ಹೆಂಡತಿ ಮುಖ ನೋಡೋದು ಸಾರಿಗೆ ಉಪ್ಪು ಕಮ್ಮಿಯಾದಾಗ.

ಈಗ ಇಡೀ ವಂಶ ಒಂದೇ ಸಾಲಿನಲ್ಲಿ ಕೂತು ಉಣ್ಣೋ ಜಾಗ ಅಂತ ಉಳಿದಿರೋದು ಮದುವೆ ಛತ್ರ. ಅಲ್ಲಿನ ವೈಭವ ನೋಡಬೇಕು! ನೀವಿನ್ನೂ ಸಾರನ್ನ ಕಲಸುತ್ತಿರುತ್ತೀರಿ, ಎರಡನೇ ಪಂಕ್ತಿಯವರು ನಿಮ್ಮ ಕುರ್ಚಿಯ ಬೆನ್ನು ಹಿಡಿದು ನಿಂತಾಗಿದೆ. ಹೋಳಿಗೆಗೆ ತುಪ್ಪ ಹಾಕಿಸಿಕೊಂಡರೆ ಹಿಂದಿನಿಂದ ನಿಟ್ಟುಸಿರು. ಇನ್ನೊಂದು ಹೋಳಿಗೆ ಕೇಳಿದರೆ ಕೆಮ್ಮು. ಪಕ್ಕದ ಸೀಟಿಗೆ ಆಗಲೇ ಯಾರದೋ ಕರ್ಚೀಫು ಬಿದ್ದಿರುತ್ತದೆ, ಬಿಎಂಟಿಸಿ ಬಸ್ಸಿನ ಹಾಗೆ. ಮಜ್ಜಿಗೆ ಇನ್ನೂ ಗಂಟಲಲ್ಲಿರುವಾಗಲೇ ಎಲೆ, ಲೋಟ ಸಮೇತ ಟೇಬಲ್ಲಿನ ಪೇಪರ್ ಸುತ್ತಿಕೊಂಡು ಹೋಗುವವನು ಬರುತ್ತಾನೆ. ವರ್ಷಕ್ಕೊಮ್ಮೆ ಸಿಗೋ ಚಿಕ್ಕಮ್ಮನ ಪಕ್ಕ ಕೂತು ಆಡಿದ ಮಾತೇನು? 'ಕೋಸಂಬರಿ ಈ ಕಡೆ ಬರಲೇ ಇಲ್ಲ.' ಬಾಂಧವ್ಯ ಗಟ್ಟಿಯಾಯ್ತು, ಕೈ ತೊಳೆಯೋಕೆ ಕ್ಯೂ.

ಇನ್ನು, 'ನಮ್ಮ ಕಾಲದಲ್ಲಿ ಎಲ್ಲರೂ ಒಟ್ಟಿಗೆ ಉಣ್ಣುತ್ತಿದ್ದೆವು' ಅನ್ನೋ ಹಿರಿಯರು. ಎಲ್ಲರೂ ಅಂದ್ರೆ ಯಾರು ಸ್ವಾಮಿ? ಗಂಡಸರು, ಮಕ್ಕಳು, ಬಂದ ನೆಂಟರು. ಅಜ್ಜಿ ಒಲೆ ಮುಂದೆ ಬೆವರು ಒರೆಸಿಕೊಂಡು ಎಲ್ಲರಿಗೂ ಬಡಿಸಿ, ಮಧ್ಯಾಹ್ನ ಮೂರಕ್ಕೆ ತಳ ಹತ್ತಿದ ಅನ್ನಕ್ಕೆ ನೀರುಮಜ್ಜಿಗೆ ಸುರಿದುಕೊಂಡು ಒಬ್ಬಳೇ ಉಂಡಳು. ಅದನ್ನೇ ನಾವು ಕೂಡು ಕುಟುಂಬದ ಸೊಗಸು ಅಂತ ಹೇಳಿಕೊಂಡು ತಿರುಗ್ತೀವಿ. ಈಗ ಸೊಸೆಗೂ ಆಫೀಸು. ಆ 12 ಗಂಟೆ ಅವಳಿಗೂ. ಏಳೂವರೆಗೆ ಬಿಸಿ ಅನ್ನ ತಂದಿಡೋರು ಯಾರು ಅನ್ನೋದು ಯಾವ ಫಾರ್ವರ್ಡಿನಲ್ಲೂ ಇಲ್ಲ. ಆರ್ಡರ್ ಮಾಡಿ ಅಂತೀರಾ? ನೀವು ಉಣ್ಣೋ ಹೊತ್ತೇ ಡೆಲಿವರಿ ಹುಡುಗನಿಗೆ ಆರ್ಡರ್ ಜಾಸ್ತಿ. ಅವನಿಗೂ ಮನೆ ಇದೆ, ಅಲ್ಲೂ ತಟ್ಟೆ ಇದೆ. ಸಾಕಾಗಿದೆ ಈ ಉಪದೇಶ. ಹೊತ್ತು ಕಿತ್ತುಕೊಂಡವರನ್ನು ಬಿಟ್ಟು, ಕಳೆದುಕೊಂಡವರಿಗೇ ಬುದ್ಧಿ ಹೇಳೋದು.

ಸರ್ಕಾರದವರೇ, ಹೇಗೂ ಕೆಲಸದ ಗಂಟೆಯ ಕಾನೂನು ತಿದ್ದೋಕೆ ಹೊರಟಿದ್ದಿರಲ್ಲ, ಒಂದು ಸಾಲು ಸೇರಿಸಿ. ಸಂಜೆ ಏಳರ ಮೇಲೆ ಮೀಟಿಂಗ್ ಇಟ್ಟ ಮ್ಯಾನೇಜರು, ಆ ಮೀಟಿಂಗಿನಲ್ಲಿದ್ದ ಪ್ರತಿಯೊಬ್ಬರ ಮನೆಗೂ ಹೋಗಿ ರಾತ್ರಿಯ ಪಾತ್ರೆ ತೊಳೆಯತಕ್ಕದ್ದು. ಕುಕ್ಕರ್ ಸೇರಿ.