ಅದಕ್ಕೆ ಸ್ಕೋಪ್ ಇದ್ಯಾ?

ಸಿಇಟಿ ರ‍್ಯಾಂಕ್ ಬಂದ ಮಾರನೇ ದಿನದಿಂದ ತಿಪಟೂರಿನ ನಮ್ಮ ಅಕ್ಕನ ಮನೆಯಲ್ಲಿ ಕೊಬ್ಬರಿ ರೇಟಿನ ಮಾತೇ ನಿಂತುಹೋಯಿತು. ಅಕ್ಕನ ಮಗ ಇಂಜಿನಿಯರಿಂಗಿನಲ್ಲಿ ಯಾವ ಬ್ರಾಂಚ್ ತಗೋಬೇಕು ಅನ್ನುವುದೊಂದೇ ಮಾತು. ಆಪ್ಷನ್ ಎಂಟ್ರಿ, ಅಂದರೆ ಬೇಕಾದ ಕಾಲೇಜು-ಬ್ರಾಂಚುಗಳನ್ನು ಕ್ರಮವಾಗಿ ತುಂಬುವ ರಾತ್ರಿ, ಮನೆಯ ಹಾಲ್‌ನಲ್ಲಿ ಏಳು ಜನ ಸೇರಿದ್ದೆವು. ಒಂದು ಲ್ಯಾಪ್‌ಟಾಪು, ಒಂದು ಮೊರ ಮಂಡಕ್ಕಿ. ಹುಡುಗನ ದೊಡ್ಡಪ್ಪ ಲ್ಯಾಪ್‌ಟಾಪಿನ ಎದುರಿಗೇ ಕೂತಿದ್ದರು. ಅವರಿಗೆ ಕಂಪ್ಯೂಟರ್ ಆನ್ ಮಾಡೋಕೆ ಬರಲ್ಲ. ಆದರೆ ಕಂಪ್ಯೂಟರ್ ಸೈನ್ಸ್ ವಿಷಯ ಅವರಿಗೆ ಗೊತ್ತಿಲ್ಲದ್ದು ಯಾವುದೂ ಇಲ್ಲ.

ನಮ್ಮ ಕಡೆ ಹುಡುಗನಿಗೆ ಏನಿಷ್ಟ ಅಂತ ಕೇಳುವ ಪದ್ಧತಿ ಇಲ್ಲ. ಕೇಳುವುದು ಒಂದೇ, 'ಅದಕ್ಕೆ ಸ್ಕೋಪ್ ಇದ್ಯಾ?' ಸ್ಕೋಪ್ ಅಂದರೇನು ಅಂತ ಯಾರಾದರೂ ಬಿಡಿಸಿ ಹೇಳಿದ್ದನ್ನು ನಾನು ಕಂಡಿಲ್ಲ. ಅದು ಮಳೆಯ ಹಾಗೆ, ಪಕ್ಕದೂರಲ್ಲಿ ಯಾವಾಗಲೂ ಚೆನ್ನಾಗಿ ಬಂದಿರುತ್ತದೆ. ನಾವು ಕಾಲೇಜು ಸೇರಿದ ವರ್ಷ ಇರುತ್ತದೆ, ಮುಗಿಸಿದ ವರ್ಷ ಹೋಗಿರುತ್ತದೆ.

ಇದನ್ನು ಅನುಭವದಿಂದಲೇ ಹೇಳುತ್ತಿದ್ದೇನೆ. 2001ರಲ್ಲಿ ರಾಜ್ಯ ಸರ್ಕಾರ ಬಯೋಟೆಕ್ ನೀತಿ ತಂದಿತು. ಪೇಪರಿನಲ್ಲಿ ಬಂತು, ಟಿವಿಯಲ್ಲಿ ಬಂತು, ಕೊನೆಗೆ ನಮ್ಮೂರಿನ ಸಲೂನಿಗೂ ಬಂತು. 'ಇನ್ಮೇಲೆ ಎಲ್ಲಾ ಬಯೋಟೆಕ್ಕೇ' ಅಂತ ಸಲೂನಿನವರು ಗಡ್ಡ ಕೆರೆಯುತ್ತಲೇ ಹೇಳಿದರು. ಮರುವರ್ಷ ನಾನು ಬಯೋಟೆಕ್ ಸೇರಿದೆ. ಈಗ ಒಂದು ಬ್ಯಾಂಕಿನಲ್ಲಿ ಚಿನ್ನದ ಸಾಲ ಕೊಡುತ್ತೇನೆ. ಅಕ್ಕಸಾಲಿಗರು ಬಳೆಯನ್ನು ಒರೆಗಲ್ಲಿಗೆ ತಿಕ್ಕುತ್ತಾರೆ, ನಾನು ಪಕ್ಕದಲ್ಲಿ ನಿಂತು ಗ್ರಾಂ ಬರೆದುಕೊಳ್ಳುತ್ತೇನೆ. ನಾಲ್ಕು ವರ್ಷ ಓದಿದ ಡಿಎನ್ಎ ಇಲ್ಲಿಯವರೆಗೆ ಒಮ್ಮೆಯೂ ಕೆಲಸಕ್ಕೆ ಬಂದಿಲ್ಲ. ಹಾಗಾಗಿ ಆ ರಾತ್ರಿ ನನ್ನ ಅಭಿಪ್ರಾಯವನ್ನು ಯಾರೂ ಕೇಳಲಿಲ್ಲ, ಮಂಡಕ್ಕಿಗೆ ಈರುಳ್ಳಿ ಹೆಚ್ಚುವ ಕೆಲಸ ಕೊಟ್ಟರು.

ತಮಾಷೆ ನೋಡಿ, ಇದೇ ದೊಡ್ಡಪ್ಪ ಹಿಂದೆ ಅಡಿಕೆ ರೇಟು ಏರಿದಾಗ ತೆಂಗಿನ ಸಾಲಿನ ಮಧ್ಯೆ ಅಡಿಕೆ ಸಸಿ ನೆಟ್ಟವರು. ಫಲ ಬರೋಕೆ ಐದಾರು ವರ್ಷ ಬೇಕು. ಅಷ್ಟರಲ್ಲಿ ರೇಟು ಏನಾಗಿರುತ್ತೋ ಎಂದು ಈಗ ದಿನಾ ಕೊರಗುತ್ತಾರೆ. ಇಂಜಿನಿಯರಿಂಗ್ ನಾಲ್ಕೇ ವರ್ಷ, ಹಾಗಾಗಿ ಅಲ್ಲಿ ಧೈರ್ಯ ಸ್ವಲ್ಪ ಜಾಸ್ತಿ.

ಯಾವ ಕಾಲೇಜಿನ ಯಾವ ಬ್ರಾಂಚಿಗೆ ಎಷ್ಟು ಸೀಟು ಅನ್ನುವ ಪಟ್ಟಿ, ಸೀಟ್ ಮ್ಯಾಟ್ರಿಕ್ಸ್, ತೆಗೆದರೆ ಬರೀ ಕಂಪ್ಯೂಟರ್ ಸೈನ್ಸೇ. ಹೋಟೆಲಿನ ಮೆನುವಿನಲ್ಲಿ ಸಾದಾ ದೋಸೆ, ಮಸಾಲೆ ದೋಸೆ, ಸೆಟ್ ದೋಸೆ, ಈರುಳ್ಳಿ ದೋಸೆ ಅಂತ ಇರುತ್ತಲ್ಲ, ಹಾಗೆ. ಹಿಟ್ಟು ಒಂದೇ. ಕಂಪ್ಯೂಟರ್ ಸೈನ್ಸ್ ಮತ್ತು ಡಿಸೈನ್, ಕಂಪ್ಯೂಟರ್ ಸೈನ್ಸ್ ಮತ್ತು ಬಿಸಿನೆಸ್ ಸಿಸ್ಟಮ್ಸ್, ಡೇಟಾ ಸೈನ್ಸ್, ಎಐ-ಎಂಎಲ್. ಒಂದರ ಹೆಸರು ಹೀಗಿದೆ: 'ಇಂಟರ್ನೆಟ್ ಆಫ್ ಥಿಂಗ್ಸ್ ಅಂಡ್ ಸೈಬರ್ ಸೆಕ್ಯೂರಿಟಿ ಇನ್‌ಕ್ಲೂಡಿಂಗ್ ಬ್ಲಾಕ್‌ಚೈನ್ ಟೆಕ್ನಾಲಜಿ'. ನಾನು ಕಟ್ಟಿದ್ದಲ್ಲ, ನಿಜವಾದ ಬ್ರಾಂಚು. ಮದುವೆ ಪತ್ರಿಕೆಯಲ್ಲಿ ವರನ ಹೆಸರಿನ ಕೆಳಗೆ ಇದನ್ನು ಹಾಕಿಸಿದರೆ ವಧುವಿನ ಹೆಸರಿಗೆ ಜಾಗ ಉಳಿಯಲ್ಲ.

ಮೊದಲು ಒಂದು ಬ್ರಾಂಚಿಗೆ ಇಷ್ಟೇ ಸೀಟು ಅಂತ ಮಿತಿ ಇತ್ತು. ಸೌಲಭ್ಯ ಇದೆ ಅಂತ ತೋರಿಸಿದರೆ ಸಾಕು ಎಂದು 2024-25ರಿಂದ ತಾಂತ್ರಿಕ ಶಿಕ್ಷಣದ ಕೇಂದ್ರ ಮಂಡಳಿ ಎಐಸಿಟಿಇ ಅದನ್ನೂ ಸಡಿಲಿಸಿತು. ಹೋದ ವಾರ ಭಾವನ ಜೊತೆ ಒಂದು ಕಾಲೇಜು ನೋಡೋಕೆ ಹೋಗಿದ್ದೆ. 'ಎಐ ಅಂಡ್ ಎಂಎಲ್ ಲ್ಯಾಬ್' ಅಂತ ಬಾಗಿಲಿಗೆ ಹೊಸ ಫ್ಲೆಕ್ಸ್ ಕಟ್ಟಿದ್ದರು. ಗಾಳಿಗೆ ಫ್ಲೆಕ್ಸಿನ ಮೂಲೆ ಎದ್ದಾಗ ಕೆಳಗೆ ಹಳೇ ಬೋರ್ಡು ಕಂಡಿತು, 'ಸರ್ವೇ ಲ್ಯಾಬ್'. ಒಳಗೆ ಜಮೀನು ಅಳೆಯುವ ಥಿಯೋಡಲೈಟಿನ ಮೂರು ಕಾಲಿನ ಸ್ಟ್ಯಾಂಡು ಇನ್ನೂ ಇತ್ತು. ಅದರ ಮೇಲೆ ಯಾರೋ ವೈಫೈ ಡಬ್ಬ ಇಟ್ಟಿದ್ದರು. ಭಾವ ಅದನ್ನು ನೋಡಿ, 'ಇನ್‌ಫ್ರಾಸ್ಟ್ರಕ್ಚರ್ ಚೆನ್ನಾಗಿದೆ ಅಲ್ವಾ?' ಅಂದರು.

ಇಷ್ಟಕ್ಕೂ ಈ ಕಾಲೇಜುಗಳಿಗೆಲ್ಲ ಡಿಗ್ರಿ ಕೊಡುವ ಬೆಳಗಾವಿಯ ವಿಶ್ವವಿದ್ಯಾಲಯ ಯಾರ ಹೆಸರಿನಲ್ಲಿದೆ? ವಿಶ್ವೇಶ್ವರಯ್ಯನವರ ಹೆಸರಿನಲ್ಲಿ. ಅವರು ಓದಿದ್ದು ಸಿವಿಲ್. ಅದಕ್ಕೂ ಮೊದಲು, 1881ರಲ್ಲಿ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಬಿಎ! ಇವತ್ತು ಮುದ್ದೇನಹಳ್ಳಿಯಿಂದ ಬಂದ ಅಂಥ ಹುಡುಗ ನಮ್ಮ ಹಾಲ್‌ನಲ್ಲಿ ಕೂತಿದ್ದರೆ ಏನಾಗುತ್ತಿತ್ತು ಅಂತ ಯೋಚಿಸಿದೆ. 'ಬಿಎನಾ? ಪಿಯುಸಿ ಸರಿಯಾಗಿ ಹೋಗ್ಲಿಲ್ವೇನಪ್ಪಾ?' ಅನ್ನುತ್ತಿದ್ದರು ದೊಡ್ಡಪ್ಪ. 'ಸಿವಿಲ್ಲಾ? ಅಯ್ಯೋ, ಬಿಸಿಲಲ್ಲಿ ನಿಲ್ಲಬೇಕಲ್ಲೋ' ಅನ್ನುತ್ತಿದ್ದಳು ಅಕ್ಕ. ಕನ್ನಂಬಾಡಿ ಕಟ್ಟೆಯ ಸ್ಕೋಪ್ ಅಲ್ಲಿಗೆ ಮುಗಿಯುತ್ತಿತ್ತು. ಆದರೂ ಪ್ರತಿ ಸೆಪ್ಟೆಂಬರ್ 15ಕ್ಕೆ ಇದೇ ಮನೆಯವರು ವಾಟ್ಸಾಪಿನಲ್ಲಿ ಆ ಪೇಟ ತೊಟ್ಟ ಫೋಟೋ ಹಾಕಿ ಕೈ ಮುಗಿಯುತ್ತಾರೆ.

ಸೀಟು ಸಿಕ್ಕ ಮೇಲೆ ಇನ್ನೊಂದು ಆಟವಿದೆ. ಚಾಯ್ಸ್ 1 ಅಂದರೆ ಸಿಕ್ಕಿದ್ದು ಸಾಕು. ಚಾಯ್ಸ್ 3 ಅಂದರೆ ಇದು ಬೇಡ, ಮುಂದಿನ ಸುತ್ತು ನೋಡೋಣ. ಚಾಯ್ಸ್ 4 ಅಂದರೆ ನಿಮ್ಮ ಸಹವಾಸವೇ ಬೇಡ. ಆದರೆ ನಮ್ಮ ಜನರ ಜೀವ ಇರುವುದು ಚಾಯ್ಸ್ 2ರಲ್ಲಿ. ಕೈಯಲ್ಲಿರೋದೂ ಇರಲಿ, ಇದಕ್ಕಿಂತ ಒಳ್ಳೇದು ಬಂದರೆ ಅದೂ ಬರಲಿ. ದೊಡ್ಡಪ್ಪ ಮಗಳಿಗೆ ಗಂಡು ಹುಡುಕುವಾಗಲೂ ಇದನ್ನೇ ಒತ್ತಿದ್ದರು. ಮೊದಲ ಹುಡುಗ ಕಾದೂ ಕಾದೂ ಚಾಯ್ಸ್ 4 ಒತ್ತಿ ಹೋದ.

ರಾತ್ರಿ ಹತ್ತೂವರೆಗೆ ಹುಡುಗ ಒಂದೇ ಒಂದು ಸಲ ಬಾಯಿ ಬಿಟ್ಟ. 'ಎಲೆಕ್ಟ್ರಿಕಲ್ಲು ಒಂದೆರಡು ಕಡೆ ಹಾಕೋಣ್ವಾ ದೊಡ್ಡಪ್ಪ?' ತೋಟದ ಮೋಟಾರು ಸುಟ್ಟರೆ ಬಿಚ್ಚಿ ವೈಂಡಿಂಗ್ ನೋಡುವವನು ಅವನೇ. ಮೆಕ್ಯಾನಿಕ್ ಬರೋದಕ್ಕೂ ಮುಂಚೆ ಯಾವ ಕಾಯಿಲ್ ಹೋಗಿದೆ ಅಂತ ಹೇಳುತ್ತಾನೆ. ಇಡೀ ಹಾಲ್ ಒಂದು ಕ್ಷಣ ಸುಮ್ಮನಾಯಿತು. 'ಯಾಕೆ, ಲೈನ್‌ಮನ್ ಆಗ್ತೀಯಾ?' ಅಂದರು ದೊಡ್ಡಪ್ಪ. ಎಲ್ಲರೂ ನಕ್ಕರು. ಅವನೂ ನಕ್ಕ, ಸುಮ್ನೆ.

ಹನ್ನೊಂದೂಕಾಲಿಗೆ ನೂರಾ ಹನ್ನೆರಡು ಆಪ್ಷನ್ ತುಂಬಿದ್ದಾಯಿತು. ಕಾಲೇಜು ಆರಿಸಿದ್ದು ಭಾವ, ಬ್ರಾಂಚು ದೊಡ್ಡಪ್ಪ, ಕ್ರಮ ಹಾಕಿಕೊಟ್ಟಿದ್ದು ಬೆಂಗಳೂರಿನಿಂದ ಫೋನಿನಲ್ಲಿ ಚಿಕ್ಕಪ್ಪ. ಮೊದಲ ನಲವತ್ತೂ ಎಐ. ಒಟಿಪಿ ಬರುವುದೂ ಭಾವನ ಫೋನಿಗೇ. ಸೇವ್ ಒತ್ತುವ ಮುಂಚೆ ಪರದೆಯಲ್ಲಿ ಸೊಟ್ಟಂಬಟ್ಟ ಅಕ್ಷರಗಳು ಬಂದವು. ನೀವು ಮನುಷ್ಯರೇ ಹೌದಾ ಅಂತ ಯಂತ್ರ ಕೇಳುತ್ತಲ್ಲ, ಅದು. ದೊಡ್ಡಪ್ಪ ಕನ್ನಡಕ ಒರೆಸಿಕೊಂಡು ನೋಡಿದರು, ಬಗೆಹರಿಯಲಿಲ್ಲ. ಭಾವ ನೋಡಿದರು, 'ಒ'ನೋ ಸೊನ್ನೆಯೋ ಗೊತ್ತಾಗಲಿಲ್ಲ.

'ಬಾರೋ ಇಲ್ಲಿ, ಇದೊಂದು ಓದಿ ಹೇಳು' ಅಂತ ಹುಡುಗನನ್ನು ಕರೆದರು.