ಮಳೆಗೆ ರಜೆ ಕೊಟ್ಟ ಮೇಲೆ ಪಿಡಿಎಫ್ ಯಾಕೆ?

ಮಳೆ ಜೋರಿದೆ, ಮಕ್ಕಳು ಮನೆಯಲ್ಲೇ ಇರಲಿ ಅಂತ ಜಿಲ್ಲಾಧಿಕಾರಿ ರಜೆ ಕೊಡುತ್ತಾರೆ. ಸ್ವಲ್ಪ ಹೊತ್ತಿಗೆ ಶಾಲೆಯ ವಾಟ್ಸಾಪ್ ಗ್ರೂಪಿಗೆ ಹನ್ನೆರಡು ಪುಟದ ಪಿಡಿಎಫ್ ಬಂದು ಬೀಳುತ್ತದೆ. ಪ್ರಿಂಟ್ ತೆಗೆಸಿ, ಮಗುವಿನ ಕೈಯಲ್ಲಿ ಬರೆಸಿ, ಸಂಜೆ ಐದರೊಳಗೆ ಫೋಟೋ ಹಾಕಿ ಅಂತ ಕೆಳಗೆ ಮೆಸೇಜು. ಆ ಪ್ರಿಂಟಿಗಾಗಿ ಅಮ್ಮಂದಿರು ಅದೇ ಮಳೆಯಲ್ಲಿ, ಮಗುವನ್ನೂ ಕರೆದುಕೊಂಡು, ನನ್ನ ಜೆರಾಕ್ಸ್ ಅಂಗಡಿಗೆ ಬರುತ್ತಾರೆ. ಹಾಗಾದರೆ ರಜೆ ಕೊಟ್ಟು ಏನು ಬಂತು?

ಇವತ್ತು ಬಂದವರು ಮಲ್ಲಿಗೆ ಬೆಳೆಯುವವರು. ಉಡುಪಿ ಜಿಲ್ಲೆಯ ನಮ್ಮ ಶಂಕರಪುರದ ಕಡೆಯವರಿಗೆ ಬೆಳಗಿನ ಹೊತ್ತು ಎಂಥದ್ದು ಅಂತ ನಾನು ಬಿಡಿಸಿ ಹೇಳಬೇಕಾಗಿಲ್ಲ. ಮೊಗ್ಗು ಕೊಯ್ದು, ಬಾಳೆ ನಾರಿನಲ್ಲಿ ಕಟ್ಟಿ, ಹೊತ್ತು ಮೀರುವ ಮೊದಲು ಹೂ ಕೊಳ್ಳುವ ಕಟ್ಟೆಗೆ ಮುಟ್ಟಿಸಬೇಕು. ಆ ಕೆಲಸವನ್ನು ಅರ್ಧಕ್ಕೆ ಬಿಟ್ಟು ಓಡಿ ಬಂದಿದ್ದರು. ಬೆರಳ ಸಂದಿಯಲ್ಲಿ ನಾರಿನ ಎಳೆ ಇನ್ನೂ ಅಂಟಿಕೊಂಡಿತ್ತು. ಪ್ಲಾಸ್ಟಿಕ್ ತೊಟ್ಟೆಯಲ್ಲಿ ಸುತ್ತಿದ್ದ ಮೊಬೈಲ್ ತೆಗೆದರು. ರಾತ್ರಿಯಿಂದ ಕರೆಂಟ್ ಇಲ್ಲದೆ ಚಾರ್ಜ್ ಮುಗಿಯುತ್ತಾ ಬಂದಿತ್ತು. "ಅಕ್ಕ, ಕಲರೇ ಬೇಕಂತೆ. ಎಷ್ಟಾಗ್ತದೆ?" ಅಂದರು. ಎರಡನೇ ಕ್ಲಾಸಿನ ಮಗಳು ಪಕ್ಕದಲ್ಲಿ ನಿಂತು ಒದ್ದೆ ಫ್ರಾಕಿನ ಅಂಚು ಹಿಂಡುತ್ತಿದ್ದಳು.

ಮೊದಲ ಪುಟದಲ್ಲಿ ಒಂದು ಬುಟ್ಟಿ, ಅದರಲ್ಲಿ ಸೇಬು. ಎಷ್ಟು ಸೇಬು ಇದೆ ಎಣಿಸಿ ಬರೆಯಬೇಕು. ಪ್ರಶ್ನೆ ಇಂಗ್ಲಿಷಿನಲ್ಲಿ. "ಇಲ್ಲಿ ಏನು ಮಾಡ್ಲಿಕ್ಕೆ ಹೇಳಿದ್ದಾರೆ ಅಕ್ಕ?" ಅಂತ ಆ ತಾಯಿ ಒಂದೊಂದೇ ಪುಟ ತೋರಿಸಿ ನನ್ನನ್ನು ಕೇಳಿದರು. ನನಗೆ ಸಂಕಟವೂ ಆಯಿತು, ಸಿಟ್ಟೂ ಬಂತು. ಇವರ ಮನೆಯಲ್ಲಿ ದಿನಾ ಹೂ ಎಣಿಸುತ್ತಾರೆ! 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಸುಮ್ನೆ ಮಗುವನ್ನೇ ಕೇಳಿದೆ, ಎರಡು ಅಟ್ಟೆಗೆ ಎಷ್ಟು ಚೆಂಡು ಪುಟ್ಟಾ? ತಟ್ಟನೆ ಎಂಟು ಅಂದಳು. ಐದು ಅಟ್ಟೆಗೆ? ಬೆರಳು ಮಡಚಿ ಮಡಚಿ ಇಪ್ಪತ್ತು ಅಂದಳು. ನಾಲ್ಕರ ಮಗ್ಗಿ ಅವಳಿಗೆ ಆಗಲೇ ಬರುತ್ತಿದೆ. ಅದು ಆ ಹನ್ನೆರಡು ಪುಟದಲ್ಲಿ ಎಲ್ಲೂ ಇಲ್ಲ.

ಪೋರ್ಷನ್ ಬಾಕಿ ಆಗುತ್ತದಲ್ಲ ಅಂತ ಟೀಚರ್ ಗೆಳತಿಯರು ಹೇಳುತ್ತಾರೆ. ಗೊತ್ತು, ಅವರ ಮೇಲೂ ಮ್ಯಾನೇಜ್‌ಮೆಂಟಿನ ಒತ್ತಡ ಇದೆ. ಆದರೆ ಮಳೆ ರಜೆಯ ಪಾಠವನ್ನು ಆಮೇಲೆ ಶನಿವಾರ ಪೂರ್ತಿ ಕ್ಲಾಸ್ ಇಟ್ಟು ಹೇಗೂ ಸರಿದೂಗಿಸುತ್ತಾರೆ. ಕೊರೋನಾ ಆದಮೇಲೆ ಮಕ್ಕಳು ಹಿಂದೆ ಬಿದ್ದದ್ದು ನೆನಪಿಲ್ವಾ ಅಂತಲೂ ಕೇಳುತ್ತಾರೆ. ನೆನಪಿದೆ. 2020ರ ಮಾರ್ಚಿನಲ್ಲಿ ಮುಚ್ಚಿದ ಒಂದರಿಂದ ಐದನೇ ಕ್ಲಾಸು 2021ರ ಅಕ್ಟೋಬರ್ 25ಕ್ಕೆ ತೆರೆಯಿತು. ಒಂದೂವರೆ ವರ್ಷ! ಅದಕ್ಕೂ ಎರಡು ದಿನದ ಮಳೆ ರಜೆಗೂ ಎಲ್ಲಿಯ ಹೋಲಿಕೆ? ಆಗಲೂ ಮಕ್ಕಳ ಕೈ ಹಿಡಿದದ್ದು ಪಿಡಿಎಫ್ ಅಲ್ಲ. ವಿದ್ಯಾಗಮ ಅಂತ ಸರ್ಕಾರಿ ಶಾಲೆಯ ಟೀಚರ್‌ಗಳೇ ಮಕ್ಕಳಿದ್ದಲ್ಲಿಗೆ ಹೋಗಿ, ಮರದಡಿ, ಜಗಲಿಯಲ್ಲಿ ಕೂರಿಸಿಕೊಂಡು ಪಾಠ ಮಾಡಿದ್ದರು.

ಮಗು ಮನೆಯಲ್ಲಿ ಕಲಿಯಬಾರದು ಅಂತ ನಾನು ಹೇಳುತ್ತಿಲ್ಲ. ಕಲಿಯಲಿ, ಜಾಸ್ತಿಯೇ ಕಲಿಯಲಿ. ಆದರೆ ಮನೆಯಲ್ಲಿ ಇರುವುದರಿಂದ ಕಲಿಯಲಿ. ರಜೆ ಬಂದದ್ದು ಮಳೆಯಿಂದ ಅಲ್ವಾ? ಹಾಗಾದರೆ ಮಳೆಯನ್ನೇ ಅಳೆಯಲಿ. ಮೇಲೂ ಕೆಳಗೂ ಒಂದೇ ಅಗಲ ಇರುವ, ತಳ ಚಪ್ಪಟೆಯಾದ ಡಬ್ಬಿಯನ್ನು ಅಂಗಳದ ನಡುವೆ ಇಡಿ. ಮಾಡಿನ ನೀರು, ಮರದ ನೀರು ಅದಕ್ಕೆ ಬೀಳಬಾರದು. ಹವಾಮಾನ ಇಲಾಖೆಯವರು ಅಳೆಯುವುದು ಬೆಳಿಗ್ಗೆ ಎಂಟೂವರೆಗೆ. ಮಗುವೂ ಇವತ್ತು ಎಂಟೂವರೆಗೆ ಡಬ್ಬಿ ಇಟ್ಟು ನಾಳೆ ಎಂಟೂವರೆಗೆ ಸ್ಕೇಲ್ ಇಳಿಸಿ ನೋಡಲಿ. ಒಂದು ಸೆಂಟಿಮೀಟರ್ ನಿಂತರೆ ಹತ್ತು ಮಿಲಿಮೀಟರ್ ಮಳೆ. 24 ಗಂಟೆಯಲ್ಲಿ 64.5 ಮಿ.ಮೀ. ಮುಟ್ಟಿದರೆ ಭಾರಿ ಮಳೆ, 115.6 ಮುಟ್ಟಿದರೆ ಅತಿ ಭಾರಿ. ಟಿವಿಯಲ್ಲಿ ಆರೆಂಜ್ ಅಲರ್ಟ್ ಅಂದರೆ ಏನು ಅಂತ ಮಗುವಿಗೆ ಆಗ ತಾನಾಗಿ ಅರ್ಥವಾಗುತ್ತದೆ. ಮನೆಯಲ್ಲಿ ದೊಡ್ಡ ಮಕ್ಕಳಿದ್ದರೆ ಇನ್ನೂ ಮಜಾ ಇದೆ. ಒಂದು ಚದರ ಮೀಟರ್ ಜಾಗಕ್ಕೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. 50 ಚದರ ಮೀಟರಿನ ಮಾಡಿಗೆ 100 ಮಿ.ಮೀ. ಮಳೆ ಬಿದ್ದರೆ 5000 ಲೀಟರ್! ಇದಕ್ಕೆ ಕರೆಂಟ್ ಬೇಡ, ನೆಟ್‌ವರ್ಕ್ ಬೇಡ, ಇಂಗ್ಲಿಷೂ ಬೇಡ. ಅಮ್ಮ ಹೂ ಕಟ್ಟುತ್ತಲೇ ಹೇಳಿಕೊಡಬಹುದು, ಅಜ್ಜ ಕೂತಲ್ಲಿಂದಲೇ ಹಿಂದಿನ ಮಳೆಗಾಲದ ಕಥೆ ಸೇರಿಸಬಹುದು.

ಪ್ರಿಂಟಿನಿಂದ ನನಗೆ ನಾಲ್ಕು ಕಾಸು ಬರುತ್ತದೆ, ನಿಜ. ಹೀಗೆ ಒದ್ದೆಯಾಗಿ ಬಂದ ಮಗುವಿನಿಂದ ನನಗೆ ಅದು ಬೇಡ. ಇವತ್ತಿನ ಹನ್ನೆರಡು ಪುಟವನ್ನೂ ಕಪ್ಪುಬಿಳುಪಿನಲ್ಲೇ ತೆಗೆದುಕೊಟ್ಟೆ, ದುಡ್ಡು ತೆಗೆದುಕೊಳ್ಳಲು ಮನಸ್ಸಾಗಲಿಲ್ಲ.

ನಾಳೆಗೂ ಆರೆಂಜ್ ಅಲರ್ಟ್ ಇದೆ. ನನ್ನ ಫ್ರೆಂಡ್ ಲಿಸ್ಟಿನಲ್ಲಿ ತುಂಬಾ ಜನ ಟೀಚರ್‌ಗಳಿದ್ದೀರಿ. ಪಿಡಿಎಫ್ ಬದಲು ಒಂದು ವಾಯ್ಸ್ ಮೆಸೇಜ್ ಹಾಕಿ, ಕನ್ನಡದಲ್ಲೋ ತುಳುವಿನಲ್ಲೋ, ಮಕ್ಕಳ ಹೆಸರು ಹಿಡಿದು ಕರೆದು. ಒಂದು ಕಥೆ ಹೇಳಿ, ಇಲ್ಲದಿದ್ದರೆ ಡಬ್ಬಿ ಇಡಲು ಹೇಳಿ. ಸಂಜೆ ಐದಕ್ಕೆ ಫೋಟೋ ಮಾತ್ರ ಕೇಳಬೇಡಿ. ಶಾಲೆ ತೆರೆದ ದಿನ ಮಕ್ಕಳ ಬಾಯಿಂದಲೇ ಕೇಳಿ, ನಿಮ್ಮ ಅಂಗಳದಲ್ಲಿ ಎಷ್ಟು ಮಳೆ ಬಂತು ಅಂತ.